ಹಣ್ಣಿನೊಳಗಿನ ಹುಳು, ಹಣ್ಣಾಗುವ ಹುಳು

ಸಂಕ್ರಾಂತಿ ಹತ್ತಿರ ಬಂತೆಂದರೆ ಬಾರೆಹಣ್ಣಿನ ಕಾಲ. ನಮ್ಮ ದಾವಣಗೆರೆ ಕಡೆ ಬಾರೆಹಣ್ಣು ಎನ್ನುತ್ತೇವೆ. ಕೆಲವರಿಗೆ ಅದು ಬೋರೆ, ಮೈಸೂರು ಕಡೆಯವರಿಗೆ ಎಲಚಿ. ಹೆಸರು ಯಾವುದಾದರೇನು, ಶಾಲೆಯ ಗೇಟಿನ ಮುಂದೆ ಬುಟ್ಟಿ ಇಟ್ಟುಕೊಂಡು ಕೂತ ಅಜ್ಜಿಯ ಹತ್ತಿರ ಉಪ್ಪುಖಾರ ಹಾಕಿಸಿಕೊಂಡು ತಿಂದ ಆ ಹುಳಿಸಿಹಿಯನ್ನು ನನ್ನ ವಯಸ್ಸಿನವರು ಯಾರೂ ಮರೆತಿರಲಾರರು. ಹಬ್ಬದ ದಿನ ಪುಟ್ಟ ಮಕ್ಕಳನ್ನು ಮಣೆಯ ಮೇಲೆ ಕೂರಿಸಿ, ತಲೆಯ ಮೇಲಿಂದ ಎಲಚಿಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಎರೆಯುವ ಪದ್ಧತಿ ಎಷ್ಟೋ ಮನೆಗಳಲ್ಲಿ ಇಂದಿಗೂ ಇದೆ.

ಇನ್ನೊಂದನ್ನೂ ಯಾರೂ ಮರೆತಿರಲಾರರು. ಅರ್ಧ ಕಚ್ಚಿದ ಹಣ್ಣಿನೊಳಗಿಂದ ಇಣುಕುವ ಬಿಳಿ ಹುಳು!

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಓದಿದ್ದು ಬಿ.ಕಾಂ. ಗಿಡಮರದ ವಿದ್ಯೆ ಕಲಿತದ್ದೆಲ್ಲ ನಿವೃತ್ತಿಯಾದ ಮೇಲೆ. ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ಹಳೆ ಪಿ.ಬಿ. ರಸ್ತೆಯಲ್ಲಿ ಸಿಗುವ ಬಾತಿ ನಮ್ಮೂರು. ಬಸ್ಸಿನಲ್ಲಿ ಹೋಗುವವರಿಗೆ ಬಾತಿ ಕೆರೆ ಎಂದರೆ ಗುರುತು ಸಿಕ್ಕೀತು. ಮನೆಯ ಹಿಂದೆ ಸ್ವಲ್ಪ ಜಾಗವಿದೆ. ಅಲ್ಲಿ ಒಂದು ಬಾರೆ ಮರ, ಎರಡು ಹಿಪ್ಪುನೇರಳೆ ಗಿಡ, ಬೇಲಿಯ ಸಾಲಿನಲ್ಲಿ ಒಂದು ಕವಳೆ. ರಜೆ ಬಂದರೆ ಮೊಮ್ಮಕ್ಕಳು ಅಲ್ಲೇ ಬಿಡಾರ. ಅವರು ಹಣ್ಣು ಕಿತ್ತು ತೊಳೆದು ತಟ್ಟೆಗೆ ಹಾಕಿಕೊಂಡು ತಿನ್ನುವವರಲ್ಲ. ಗಿಡದಿಂದ ಕೈಗೆ, ಕೈಯಿಂದ ಬಾಯಿಗೆ.

ಹಾಗಾಗಿ ಹಿತ್ತಲ ಹಣ್ಣನ್ನು ಹುಳುವಿನಿಂದ ಕಾಪಾಡುವುದು ಎಂದರೆ, ಹುಳುವನ್ನು ಓಡಿಸುವ ಉಪಾಯ ಮಗುವಿನ ಬಾಯಿಗೆ ಹೋಗದಂತೆ ನೋಡಿಕೊಳ್ಳುವುದೂ ಹೌದು. ಅದಕ್ಕೆ ನಾನು ಕಂಡುಕೊಂಡ ದಾರಿ ಒಂದೇ: ಹೊಡೆಯುವ ಮೊದಲು ಹುಳುವಿನ ವಿಳಾಸ ತಿಳಿಯಬೇಕು. ಅದು ಎಲ್ಲಿ ಹುಟ್ಟುತ್ತದೆ, ಎಲ್ಲಿ ಮಲಗುತ್ತದೆ, ಅದನ್ನು ತಿನ್ನುವವರು ಯಾರು ಎಂದು ನೋಡಬೇಕು.

ತೂತಿಲ್ಲದ ಹಣ್ಣಿನೊಳಗೆ ಹುಳು

“ಅಜ್ಜಾ, ಹಣ್ಣಿಗೆ ತೂತೇ ಇಲ್ಲ. ಹುಳ ಒಳಗೆ ಹೆಂಗೆ ಹೋತು?” ಎಂದು ಮೊಮ್ಮಗಳು ಒಮ್ಮೆ ಕೇಳಿದಳು. ಒಳ್ಳೆಯ ಪ್ರಶ್ನೆ. ಉತ್ತರ ಇನ್ನೂ ಚೆನ್ನಾಗಿದೆ: ಹುಳು ಒಳಗೆ ಹೋಗಲೇ ಇಲ್ಲ, ಅಲ್ಲೇ ಹುಟ್ಟಿತು.

ಇದು ಬಾರೆಹಣ್ಣಿನ ನೊಣದ ಕೆಲಸ. ಮನೆಯ ನೊಣಕ್ಕಿಂತ ಚಿಕ್ಕದು, ರೆಕ್ಕೆಯ ಮೇಲೆ ಪಟ್ಟೆ. ವಿಜ್ಞಾನಿಗಳು ಇದನ್ನು ‘ಕಾರ್ಪೊಮಿಯಾ ವೆಸುವಿಯಾನಾ’ ಎನ್ನುತ್ತಾರೆ. ಕಾಯಿ ಬಟಾಣಿಯಷ್ಟು ದಪ್ಪವಾಗುವ ಹೊತ್ತಿಗೆ ಹೆಣ್ಣು ನೊಣ ಬಂದು ಸೂಜಿಯಂಥ ಕೊಳವೆಯನ್ನು ಸಿಪ್ಪೆಗೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಕಾಯಿ ಬೆಳೆದಂತೆ ಆ ಗಾಯ ಮಾಯುತ್ತದೆ. ಒಂದು ಸಣ್ಣ ಗುಳಿ ಉಳಿದರೆ ಉಳಿಯಿತು. ಎರಡು ಮೂರು ದಿನದಲ್ಲಿ ಮೊಟ್ಟೆ ಒಡೆದು ಹುಳು ಹೊರಬಂದು ಬೀಜದ ಸುತ್ತಲಿನ ತಿರುಳನ್ನು ತಿನ್ನತೊಡಗುತ್ತದೆ. ನಾವು ಹಣ್ಣು ಕಚ್ಚುವ ಹೊತ್ತಿಗೆ ಅದರ ಊಟ ಅರ್ಧ ಮುಗಿದಿರುತ್ತದೆ.

ಕಚ್ಚಲು ಯಾರೂ ಬರದಿದ್ದರೆ ಹುಳು ಬಲಿತು, ಹಣ್ಣಿಗೆ ತೂತು ಕೊರೆದು ನೆಲಕ್ಕೆ ಬೀಳುತ್ತದೆ. ಅಂದರೆ ತೂತು ಒಳಗೆ ಹೋದ ದಾರಿಯಲ್ಲ, ಹೊರಗೆ ಬಂದ ದಾರಿ! ಬಿದ್ದ ಹುಳು ಮಣ್ಣಿನಲ್ಲಿ ಕೆಲವೇ ಸೆಂಟಿಮೀಟರ್ ಆಳಕ್ಕೆ ಇಳಿದು ಕೋಶ ಕಟ್ಟಿಕೊಂಡು ಮಲಗುತ್ತದೆ. ಮುಂದೆ ಅದೇ ನೊಣವಾಗಿ ಮೇಲೆದ್ದು ಬರುತ್ತದೆ.

ಈಗ ವಿಳಾಸ ಸಿಕ್ಕಿತು. ನೊಣ ಗಾಳಿಯಲ್ಲಿದ್ದಾಗ ನಮ್ಮ ಕೈಗೆ ಸಿಗದು. ಹುಳು ಹಣ್ಣಿನೊಳಗೆ ಇದ್ದಾಗ ಮೇಲೆ ಏನು ಸಿಂಪಡಿಸಿದರೂ ಅದನ್ನು ಮುಟ್ಟುವುದು ಕಷ್ಟ. ಸಿಗುವುದು ನೆಲದಲ್ಲಿ. ಆದ್ದರಿಂದ ಮರದ ಕೆಳಗೆ ಬಿದ್ದ ಹಣ್ಣನ್ನು ದಿನವೂ ಆರಿಸಬೇಕು. ಆರಿಸಿದ್ದನ್ನು ಗೊಬ್ಬರದ ಗುಂಡಿಗೆ ಎಸೆದರೆ ಹುಳುವಿಗೆ ಮೆತ್ತನೆಯ ಹಾಸಿಗೆ ಕೊಟ್ಟಂತೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕೆಲವು ದಿನ ಬಿಸಿಲಿನಲ್ಲಿ ಇಡಬೇಕು, ಇಲ್ಲವೇ ಎರಡು ಅಡಿ ಆಳದ ಗುಂಡಿಯಲ್ಲಿ ಹೂಳಬೇಕು. ಹಣ್ಣು ಹಳದಿ ತಿರುಗಿದಾಗಲೇ ಕೊಯ್ಯಬೇಕು. ಕೆಂಪಾಗಿ ಮೆತ್ತಗಾಗಿ ಉದುರುವವರೆಗೆ ಮರದಲ್ಲಿ ಬಿಡಬಾರದು.

ಎರಡನೆಯ ಕೆಲಸ ಬೇಸಿಗೆಯದು. ಏಪ್ರಿಲ್, ಮೇ ಬಿಸಿಲಿನಲ್ಲಿ ಮರದ ಬುಡದ ಸುತ್ತ ಕೊಂಬೆ ಹರಡಿದಷ್ಟು ಜಾಗದ ಮಣ್ಣನ್ನು ಕೆದಕಿ ಮಗುಚಬೇಕು. ಅಡಗಿ ಕೂತ ಕೋಶಗಳು ಮೇಲೆ ಬಂದು ಬಿಸಿಲಿಗೆ ಒಣಗುತ್ತವೆ. ಉಳಿದದ್ದನ್ನು ಇರುವೆ, ಗೊರವಂಕ ಹೆಕ್ಕುತ್ತವೆ. ಮನೆಯಲ್ಲಿ ಕೋಳಿ ಇದ್ದರಂತೂ ಕೆದಕುವ ಕೆಲಸವೂ ಅವುಗಳದೇ. ಬಾರೆ ಮರದ ಕೊಂಬೆ ಸವರುವುದೂ ಆ ದಿನಗಳಲ್ಲೇ. ಸವರಿದರೆ ಹೊಸ ಚಿಗುರಿನಲ್ಲಿ ಹಣ್ಣು ಹಿಡಿಯುತ್ತದೆ, ಮರವೂ ಕೈಗೆ ಎಟುಕುವಷ್ಟು ತಗ್ಗಾಗುತ್ತದೆ.

ಲೆಕ್ಕ ಬರೆಯುವುದು ಬ್ಯಾಂಕಿನವನ ಹಳೆ ಚಾಳಿ. ಹಣ್ಣಿನ ಕಾಲದಲ್ಲಿ ಭಾನುವಾರಕ್ಕೊಮ್ಮೆ 25 ಹಣ್ಣು ಹೋಳು ಮಾಡಿ ನೋಡಿ, ಹುಳುವಿದ್ದದ್ದು ಎಷ್ಟು ಎಂದು ಮೊಮ್ಮಗಳು ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ. ಮೊದಲ ವರ್ಷ ಒಂದು ಭಾನುವಾರ 9 ಬಂದಿತ್ತು. ಎರಡು ಬೇಸಿಗೆ ಮಣ್ಣು ಮಗುಚಿದ ಮೇಲೆ ಅದೇ ವಾರಕ್ಕೆ 3. ಇದು ಒಂದು ಮರದ ಲೆಕ್ಕ ಅಷ್ಟೇ, ಶಾಸ್ತ್ರವಲ್ಲ. ಪೂರ್ತಿ ಸೊನ್ನೆ ಆಗುವುದೂ ಇಲ್ಲ. ಏಕೆಂದರೆ ಗುಡ್ಡದ ಅಂಚಿನ ಕಾಡುಬಾರೆಯ ಪೊದೆಯಲ್ಲೂ ನೊಣದ ಸಂಸಾರವಿದೆ. ಬೀದಿಯವರೆಲ್ಲ ಬಿದ್ದ ಹಣ್ಣು ಆರಿಸಿದರೆ ಇನ್ನೂ ಕಡಿಮೆಯಾದೀತು.

ಬಿಳಿ ಹಿಟ್ಟು ಮತ್ತು ಇರುವೆಯ ಕಾವಲು

ಹಿಪ್ಪುನೇರಳೆಯ ಪೀಡೆಯೇ ಬೇರೆ. ಕುಡಿಯ ಎಲೆ ಮುರುಟಿ ಗಂಟು ಕಟ್ಟಿದಂತೆ ಆಗುತ್ತದೆ. ಬಿಡಿಸಿ ನೋಡಿದರೆ ಅಕ್ಕಿಹಿಟ್ಟು ಚೆಲ್ಲಿದ ಹಾಗೆ ಬೆಳ್ಳಗೆ. ಅದು ಹಿಟ್ಟಲ್ಲ, ಹಿಟ್ಟು ತಿಗಣೆ. ಮೈಮೇಲೆ ಮೇಣದ ಪುಡಿ ಹೊದ್ದುಕೊಂಡು, ಕೊಳವೆಯಂಥ ಬಾಯಿಯನ್ನು ಗಿಡಕ್ಕೆ ಚುಚ್ಚಿ ರಸ ಹೀರುತ್ತಾ ಕೂರುವ ಸಣ್ಣ ಕೀಟ. ಎಲೆ ಹೀಗೆ ಮುರುಟುವುದನ್ನು ರೇಷ್ಮೆ ಬೆಳೆಗಾರರು ‘ತುಕ್ರಾ’ ಎನ್ನುತ್ತಾರೆ.

ಹೀರಿದ ರಸವನ್ನೆಲ್ಲ ತಿಗಣೆ ಅರಗಿಸಿಕೊಳ್ಳುವುದಿಲ್ಲ. ಹೆಚ್ಚಾದ ಸಕ್ಕರೆಯನ್ನು ಅಂಟು ಹನಿಯಾಗಿ ಹೊರಗೆ ಬಿಡುತ್ತದೆ. ಆ ಅಂಟಿನ ಮೇಲೆ ಮಸಿಯಂಥ ಕಪ್ಪು ಬೂಷ್ಟು ಬೆಳೆದು ಎಲೆ, ಹಣ್ಣು ಎರಡೂ ಕೊಳಕಾಗುತ್ತವೆ. ಅದೇ ಅಂಟು ಇರುವೆಗೆ ಪಾಯಸ. ಪಾಯಸ ಕುಡಿದ ಇರುವೆ ಸುಮ್ಮನಿರುವುದಿಲ್ಲ. ತಿಗಣೆಯನ್ನು ತಿನ್ನಲು ಬಂದ ಹುಳುಗಳನ್ನು ಕಚ್ಚಿ ಓಡಿಸುತ್ತದೆ. ಠೇವಣಿ ಇಟ್ಟವರಿಗೆ ಬಡ್ಡಿ ಸಿಕ್ಕಂತೆ ಇರುವೆಗೆ ಸಿಹಿ, ತಿಗಣೆಗೆ ಪುಕ್ಕಟೆ ಕಾವಲು. ಹಿಪ್ಪುನೇರಳೆಯ ಕಾಂಡದ ಮೇಲೆ ಇರುವೆ ಸಾಲು ಕಂಡರೆ ಮೇಲೆ ಎಲ್ಲೋ ಹಿಟ್ಟು ತಿಗಣೆ ಇದೆಯೇ ಎಂದು ಹುಡುಕಬೇಕು.

ಬೇಲಿಯಾಚೆಯ ಹುಳು

ಒಂದು ವರ್ಷ ಈ ತಿಗಣೆ ಎರಡೂ ಗಿಡಕ್ಕೆ ಹತ್ತಿತು. ಪರಿಚಯದವರೊಬ್ಬರು ಬೆನ್ನಿಗೆ ಪಂಪು ಹಾಕಿಕೊಂಡೇ ಬಂದರು. “ಸಾರ್, ಒಂದ್ಸಲ ಎಣ್ಣೆ ಹೊಡೆದ್ರೆ ಆತು. ನಾಳೆಗೆ ಒಂದೂ ಇರಲ್ಲ” ಎಂದರು. ನಮ್ಮ ಕಡೆ ಕೀಟನಾಶಕ ಸಿಂಪಡಿಸುವುದಕ್ಕೆ ಎಣ್ಣೆ ಹೊಡೆಯುವುದು ಎನ್ನುತ್ತಾರೆ. ಅಂಗಡಿಯಲ್ಲಿ ಅದರ ಹೆಸರು ಔಷಧಿ. ಮಕ್ಕಳೇ, ಅದು ಎಣ್ಣೆಯೂ ಅಲ್ಲ, ಔಷಧಿಯೂ ಅಲ್ಲ, ವಿಷ. ಡಬ್ಬಿಯ ಮೇಲೆ ಮೂಲೆಯ ಮೇಲೆ ನಿಲ್ಲಿಸಿದ ಚೌಕದ ಗುರುತು ಇರುತ್ತದೆ. ಅದರ ಕೆಳಗಿನ ಅರ್ಧದ ಬಣ್ಣ ನೋಡಿದರೆ ಎಂಥ ವಿಷ ಎಂದು ಗೊತ್ತಾಗುತ್ತದೆ. ಕೆಂಪು ಎಂದರೆ ಅತಿ ಘೋರ. ಆಮೇಲೆ ಕ್ರಮವಾಗಿ ಹಳದಿ, ನೀಲಿ, ಹಸಿರು. ಹಸಿರು ಗುರುತಿನದೂ ಮಕ್ಕಳು ಮುಟ್ಟುವ ವಸ್ತುವಲ್ಲ.

ಗಿಡದ ತುಂಬ ಹಣ್ಣಿತ್ತು. ಮೊಮ್ಮಕ್ಕಳು ಬರಲು ನಾಲ್ಕು ದಿನವಿತ್ತು. ಬೇಡ ಎಂದು ನಾನು ಹೇಳುತ್ತಿದ್ದ ಹಾಗೆ, ಪಂಪು ಕಂಡು ಬೇಲಿಯಾಚೆಯ ಹೊಲದ ರೈತರು ಓಡಿ ಬಂದರು. “ಬ್ಯಾಂಕ್ ಸಾರ್, ಕೈ ಮುಗಿತೀನಿ, ಏನೂ ಹೊಡೆಸಬ್ಯಾಡ್ರಿ. ಹುಳ ಮೂರನೇ ಜ್ವರಕ್ಕೆ ಕೂತಾವೆ. ಎದ್ದ ಕೂಡಲೆ ಇದೇ ಸಾಲಿನ ಸೊಪ್ಪು ಕೊಡಬೇಕು” ಎಂದರು.

ರೇಷ್ಮೆ ಹುಳುವಿಗೆ ನಿಜವಾದ ಜ್ವರ ಬಂದಿರಲಿಲ್ಲ. ಅದು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಸೊಪ್ಪು ಬಿಟ್ಟು ತಲೆ ಎತ್ತಿ ಅಲುಗಾಡದೆ ಕೂರುತ್ತದೆ. ಅದನ್ನೇ ಬೆಳೆಗಾರರು ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಕಳೆದ ಮೇಲೆ ಹಗಲುರಾತ್ರಿ ಸೊಪ್ಪು ತಿನ್ನುತ್ತದೆ. ತನ್ನ ಬಾಳಿನ ಒಟ್ಟು ಊಟದಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಭಾಗ ಆ ಒಂದು ವಾರದ್ದೇ. ಮೊಟ್ಟೆಯೊಡೆದು ಸುಮಾರು 25 ದಿನಕ್ಕೆ ಮೈ ಪಾರದರ್ಶಕವಾಗಿ ಹಳದಿ ಬಣ್ಣಕ್ಕೆ ತಿರುಗಿ ‘ಹಣ್ಣಾಗುತ್ತದೆ’. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟರೆ ಗೂಡು ಕಟ್ಟುತ್ತದೆ.

ಕೀಟನಾಶಕಕ್ಕೆ ಯಾವುದು ಬೇಕಾದ ಹುಳು, ಯಾವುದು ಬೇಡದ ಹುಳು ಎಂದು ತಿಳಿಯದು. ಗಾಳಿಗೆ ತೂರಿ ಹೋದ ಹನಿ ಆ ಸೊಪ್ಪಿನ ಮೇಲೆ ಕೂತಿದ್ದರೆ ಒಂದು ಮನೆಯ ತಿಂಗಳ ದುಡಿಮೆ ತಟ್ಟೆಯಲ್ಲೇ ಸತ್ತು ಬೀಳುತ್ತಿತ್ತು. ನಮ್ಮ ಮನೆಗೆ ಹಣ್ಣಿನಲ್ಲಿ ಹುಳು ಇರಬಾರದು, ಅವರ ಮನೆಯಲ್ಲಿ ಹುಳು ಹಣ್ಣಾಗಬೇಕು. ನಡುವೆ ಒಂದು ಬೇಲಿ ಮಾತ್ರ. ಪಂಪಿನವರಿಗೆ ಕಾಫಿ ಕೊಟ್ಟು ಕಳಿಸಿದೆವು.

ಅಜ್ಜ ಅಜ್ಜಿಯರಿಗೆ ಒಂದು ಮಾತು. ಹಿಂದೆ ಹಿಪ್ಪುನೇರಳೆಗೂ ಮನೆಯ ಜಿರಳೆಗೂ ಹೊಡೆಯುತ್ತಿದ್ದ ಡೈಕ್ಲೋರ್‌ವಾಸ್ ಎಂಬ ವಿಷವನ್ನು ಕೇಂದ್ರ ಸರ್ಕಾರ 2020ರ ಡಿಸೆಂಬರ್ 31ರಿಂದ ನಿಷೇಧಿಸಿದೆ. ಅಟ್ಟದ ಮೇಲೆ ಹಳೆ ಡಬ್ಬಿ ಇದೆಯೇ ಎಂದು ನೋಡಿ. ಇದ್ದರೆ ಬಳಸಬೇಡಿ, ಚರಂಡಿಗೂ ಸುರಿಯಬೇಡಿ. ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಕತ್ತರಿ, ಸೋಪು, ಗ್ರೀಸು

ಹಾಗಾದರೆ ತಿಗಣೆಗೆ ಏನು ಮಾಡಿದೆವು? ಮುರುಟಿದ ಕುಡಿಗಳನ್ನೆಲ್ಲ ಕತ್ತರಿಸಿ ಸೋಪಿನ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿದೆವು. ಕತ್ತರಿಸಿದ್ದನ್ನು ಗಿಡದ ಬುಡದಲ್ಲೇ ಬಿಟ್ಟರೆ ತಿಗಣೆ ನಡೆದುಕೊಂಡು ವಾಪಸು ಬರುತ್ತದೆ. ಉಳಿದ ಕೊಂಬೆಗೆ ಪೈಪಿನಿಂದ ರಭಸವಾಗಿ ನೀರು ಬಿಟ್ಟು ತೊಳೆದೆವು. ನೀರಿನ ರಭಸಕ್ಕೆ ಎಷ್ಟೋ ತಿಗಣೆಗಳು ಕಳಚಿ ಬೀಳುತ್ತವೆ.

ಆಮೇಲೆ ಇರುವೆಯ ದಾರಿ. ಕಾಂಡಕ್ಕೆ ಒಂದು ಪ್ಲಾಸ್ಟಿಕ್ ಪಟ್ಟಿಯನ್ನು ಬಿಗಿಯಾಗಿ ಸುತ್ತಿ, ಅದರ ಮೇಲೆ ಗ್ರೀಸು ಬಳಿದೆವು. ಗ್ರೀಸನ್ನು ತೊಗಟೆಗೇ ಬಳಿಯಬಾರದು, ಗಿಡಕ್ಕೆ ತೊಂದರೆ. ಗೋಡೆಗೆ, ಬೇಲಿಗೆ ತಾಗುವ ಕೊಂಬೆಯನ್ನೂ ಸವರಬೇಕು. ಇಲ್ಲದಿದ್ದರೆ ಮುಂಬಾಗಿಲು ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗಾಗುತ್ತದೆ.

ಇಷ್ಟಕ್ಕೂ ಬಗ್ಗದಿದ್ದರೆ ಬೇವಿನ ಬೀಜದ ಕಷಾಯ. 50 ಗ್ರಾಂ ಬೇವಿನ ಬೀಜದ ತಿರುಳನ್ನು ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಹಿಂಡಿ ಸೋಸಬೇಕು. ಚೂರು ಸೋಪು ಕಲಸಬೇಕು. ತಿಗಣೆಯ ಮೈಮೇಲಿನ ಮೇಣಕ್ಕೆ ಬರೀ ನೀರು ಹತ್ತುವುದಿಲ್ಲ, ಸೋಪು ಬೆರೆತರೆ ಹತ್ತುತ್ತದೆ. ಮೊದಲು ಒಂದೇ ಕೊಂಬೆಗೆ ಸಿಂಪಡಿಸಿ, ಎಲೆ ಸುಡದಿದ್ದರೆ ಉಳಿದದ್ದಕ್ಕೆ. ಅದೂ ಸಂಜೆಯ ಹೊತ್ತು, ಹಣ್ಣು ಇಲ್ಲದ ದಿನಗಳಲ್ಲಿ. ಪಕ್ಕದಲ್ಲಿ ರೇಷ್ಮೆ ಬೆಳೆಗಾರರಿದ್ದರೆ ಬೇವಾದರೂ ಅವರನ್ನು ಕೇಳದೆ ಸಿಂಪಡಿಸಬಾರದು.

ಶತ್ರುವಿನ ವೇಷದ ಮಿತ್ರ

ಕುಡಿ ಕತ್ತರಿಸುವಾಗ ಮೊಮ್ಮಗ ಕೂಗಿದ: “ಅಜ್ಜಾ, ಇಲ್ಲೊಂದು ದೊಡ್ಡ ತಿಗಣೆ ಓಡ್ತಾ ಐತೆ!” ನೋಡಿದರೆ ಬೆಳ್ಳಗೆ, ಮೈತುಂಬ ಮೇಣದ ಎಳೆಗಳು, ಥೇಟ್ ಹಿಟ್ಟು ತಿಗಣೆ. ಆದರೆ ತಿಗಣೆ ಓಡುವುದಿಲ್ಲ.

ಅದು ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿ. ತಿಗಣೆಯನ್ನೇ ತಿಂದು ಬದುಕುವ ಇದು, ತಿಗಣೆಯಂತೆಯೇ ಬಿಳಿ ವೇಷ ಹಾಕಿಕೊಂಡಿರುತ್ತದೆ. ಒಂದು ಸೆಂಟಿಮೀಟರಿಗಿಂತ ಉದ್ದ ಬೆಳೆಯುತ್ತದೆ. ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ಸರಸರ ನಡೆಯುತ್ತದೆ. ದೊಡ್ಡದಾದ ಮೇಲೆ ಗುಲಗಂಜಿಗಿಂತ ಚಿಕ್ಕ ಗಾತ್ರದ ಕಡುಕಂದು ಹುಳು. ತಲೆಯ ಕಡೆ, ಬಾಲದ ಕಡೆ ಕಿತ್ತಳೆ ಬಣ್ಣ. ಗೊತ್ತಿಲ್ಲದವರು ಪೀಡೆಯೆಂದು ಮೊದಲು ಹೊಸಕುವುದು ಇದನ್ನೇ.

ಇದರ ಮೂಲ ಊರು ಆಸ್ಟ್ರೇಲಿಯಾ. ನಮ್ಮ ದೇಶಕ್ಕೆ ಇದನ್ನು ತಂದದ್ದು 1898ರಲ್ಲಿ, ಕಾಫಿ ಗಿಡದ ಹಸಿರು ಶಲ್ಕ ಕೀಟವನ್ನು ತಿನ್ನಲಿ ಎಂದು. ಹಿಟ್ಟು ತಿಗಣೆಯೆಂದರೆ ಇದಕ್ಕೆ ಹೋಳಿಗೆ ಊಟ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ ತುಕ್ರಾ ತಡೆಯಲು ಹಿಪ್ಪುನೇರಳೆ ತೋಟದಲ್ಲಿ ಎಕರೆಗೆ 250ರಂತೆ ಈ ಹುಳುಗಳನ್ನು ಬಿಡಲು ಹೇಳುತ್ತದೆ. ಹಿತ್ತಲಿನ ಎರಡು ಗಿಡಕ್ಕೆ ಕೊಂಡು ತರಬೇಕಿಲ್ಲ. ಬಂದದ್ದನ್ನು ಕೊಲ್ಲದಿದ್ದರೆ ಸಾಕು. ಮೊಮ್ಮಗ ಆ ಮರಿಯನ್ನು ಎಲೆಯ ಸಮೇತ ಇನ್ನೊಂದು ಕೊಂಬೆಗೆ ದಾಟಿಸಿದ.

ಕಡುಗಾತ್ರದ ಪೀಡೆಗೆ ಕಣ್ಣಿಗೆ ಕಾಣದ ಕಣಜ

ಮಿತ್ರ ಹುಳುವಿನ ಬಲ ಎಷ್ಟು ಎಂದು ನಮ್ಮ ನಾಡು ನೋಡಿದ್ದು 2010ರ ಸುಮಾರಿಗೆ. ಅದಕ್ಕೂ ಎರಡು ವರ್ಷ ಮೊದಲು, 2008ರಲ್ಲಿ, ಕೊಯಮತ್ತೂರಿನ ಪಪ್ಪಾಯ ತೋಟಗಳಲ್ಲಿ ಹೊಸದೊಂದು ಹಿಟ್ಟು ತಿಗಣೆ ಕಾಣಿಸಿಕೊಂಡಿತು. ಅದರ ತವರು ಮೆಕ್ಸಿಕೊ ಕಡೆ. ಹೇಗೋ ಇಲ್ಲಿಗೆ ಬಂತು. ಅದನ್ನು ಹಿಡಿತದಲ್ಲಿಡುವ ಶತ್ರುಗಳು ಮಾತ್ರ ಅಲ್ಲೇ ಉಳಿದವು. ತಡೆಯುವವರಿಲ್ಲದೆ ತಮಿಳುನಾಡು, ಕರ್ನಾಟಕ, ಕೇರಳ, ಮಹಾರಾಷ್ಟ್ರಕ್ಕೆ ಹಬ್ಬಿತು. ಪಪ್ಪಾಯ ಮಾತ್ರವಲ್ಲ, ಹಿಪ್ಪುನೇರಳೆ, ಮರಗೆಣಸು, ದಾಸವಾಳ ಎಲ್ಲವೂ ಬಿಳಿಯಾದವು. ರೈತರು ಮತ್ತೆ ಮತ್ತೆ ಕೀಟನಾಶಕ ಹೊಡೆದರೂ ಮೇಣದ ಹೊದಿಕೆಯೊಳಗಿನ ತಿಗಣೆ ಸಾಯಲಿಲ್ಲ.

ಬೆಂಗಳೂರಿನಲ್ಲಿ ಕೃಷಿ ಕೀಟಗಳ ರಾಷ್ಟ್ರೀಯ ಸಂಸ್ಥೆಯೊಂದಿದೆ. ಈಗ ಅದಕ್ಕೆ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಎಂಬ ಹೆಸರು. ಅಲ್ಲಿನ ವಿಜ್ಞಾನಿಗಳು ಅಮೆರಿಕದ ಕೃಷಿ ಇಲಾಖೆಯ ನೆರವಿನಿಂದ 2010ರಲ್ಲಿ ಪೋರ್ಟೊರಿಕೊ ದ್ವೀಪದಿಂದ ಮೂರು ಬಗೆಯ ಸಣ್ಣ ಕಣಜಗಳನ್ನು ತರಿಸಿದರು. ಅವು ಬೇರೆ ಯಾವುದಕ್ಕೂ, ರೇಷ್ಮೆ ಹುಳುವಿಗೂ, ಹಾನಿ ಮಾಡುವುದಿಲ್ಲ ಎಂದು ಪರೀಕ್ಷೆ ಮಾಡಿದ ಮೇಲೆ ತೋಟಗಳಿಗೆ ಬಿಟ್ಟರು.

ಅವುಗಳಲ್ಲಿ ಹೆಚ್ಚು ಕೆಲಸ ಮಾಡಿದ ಅಸೆರೊಫೇಗಸ್ ಪಪಾಯೆ ಎಂಬ ಕಣಜ ಒಂದು ಮಿಲಿಮೀಟರಿಗಿಂತಲೂ ಚಿಕ್ಕದು. ನಮ್ಮನ್ನು ಕುಟುಕುವುದಿಲ್ಲ. ತಿಗಣೆಯ ಮೈಯೊಳಗೆ ಮೊಟ್ಟೆ ಇಡುತ್ತದೆ. ಮರಿ ಒಳಗಿನಿಂದಲೇ ತಿಗಣೆಯನ್ನು ತಿಂದು, ಒಣಗಿದ ಚಿಪ್ಪಿಗೆ ತೂತು ಮಾಡಿಕೊಂಡು ಹಾರಿ ಬರುತ್ತದೆ. ತಿಂಗಳುಗಳು ಕಳೆದಂತೆ ತೋಟಗಳು ಮತ್ತೆ ಹಸಿರಾದವು. ವಿಷ ಸೋತ ಕಡೆ, ಕಣ್ಣಿಗೆ ಸರಿಯಾಗಿ ಕಾಣದ ಒಂದು ಜೀವಿ ಗೆದ್ದಿತು. ಆ ಕಣಜದ ಸಂತತಿ ಈಗ ನಮ್ಮ ಹಿತ್ತಲಿನಲ್ಲೂ ಇರಬಹುದು. ಕೀಟನಾಶಕ ಹೊಡೆದರೆ ಮೊದಲು ಸಾಯುವುದು ಮೇಣದ ಹೊದಿಕೆ ಇಲ್ಲದ ಇಂಥ ಮಿತ್ರರೇ.

ಹಕ್ಕಿಯ ಪಾಲು

ಹಿಪ್ಪುನೇರಳೆ ಕೆಂಪಾಗುವ ಮೊದಲೇ ಪಿಕಳಾರ, ಗೊರವಂಕ, ಕೋಗಿಲೆ ಹಾಜರು. ಅಳಿಲು ದಿನಗೂಲಿಯವರಂತೆ ಬೆಳಿಗ್ಗೆಯಿಂದ ಸಂಜೆವರೆಗೆ. ಇವು ಪೀಡೆಯೇ? ಹಣ್ಣು ತಿನ್ನುವ ಪಿಕಳಾರ ತನ್ನ ಮರಿಗಳಿಗೆ ಹುಳುಗಳನ್ನೂ ಹಿಡಿದು ತಿನ್ನಿಸುತ್ತದೆ. ಅದಕ್ಕೆ ಸಂಬಳ ಕೊಡದೆ ಕೆಲಸ ಮಾಡಿಸುವುದು ಸರಿಯಲ್ಲ. ನಮ್ಮ ಮನೆಯ ಒಪ್ಪಂದ ಹೀಗಿದೆ: ಮೇಲಿನ ಕೊಂಬೆ ಹಕ್ಕಿಗೆ, ಮಕ್ಕಳ ಕೈಗೆ ಎಟುಕುವುದು ಮಕ್ಕಳಿಗೆ. ಕೆಳಗಿನ ಎರಡು ಮೂರು ಕೊಂಬೆಗೆ ಹಳೆಯ ಸೊಳ್ಳೆಪರದೆ ಸುತ್ತಿ ಬಾಯಿ ಕಟ್ಟುತ್ತೇವೆ.

ದೊಡ್ಡ ಕಣ್ಣಿನ ನೈಲಾನ್ ಬಲೆಯನ್ನು ಸಡಿಲವಾಗಿ ಹೊದಿಸಬೇಡಿ. ಹಕ್ಕಿಯ ಕಾಲು, ಬಾವಲಿಯ ರೆಕ್ಕೆ, ಹಾವು ಸಿಕ್ಕಿಕೊಂಡು ನರಳಿ ಸಾಯುತ್ತವೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 2021ರ ಸೆಪ್ಟೆಂಬರ್‌ನಿಂದ ಮನೆಯ ಹಣ್ಣಿನ ಮರಕ್ಕೆ ಹಾಕುವ ಬಲೆಯ ಕಣ್ಣು 5 ಮಿಲಿಮೀಟರಿಗಿಂತ ದೊಡ್ಡದಿರಬಾರದು ಎಂದು ಕಾನೂನೇ ಇದೆ. ಪರೀಕ್ಷೆ ಸುಲಭ: ನಿಮ್ಮ ಬೆರಳು ಬಲೆಯ ಕಣ್ಣಿನೊಳಗೆ ತೂರಿದರೆ ಆ ಬಲೆ ಬೇಡ.

ಮಕ್ಕಳೇ, ಈ ರಜೆಯಲ್ಲಿ ಮಾಡಿ ನೋಡಿ

1. ಹತ್ತಿರದ ಬಾರೆ ಮರದ ಕೆಳಗೆ ಬಿದ್ದ 25 ಹಣ್ಣು ಆರಿಸಿ, ದೊಡ್ಡವರ ಕೈಯಲ್ಲಿ ಹೋಳು ಮಾಡಿಸಿ. ಹುಳು ಇರುವುದು ಎಷ್ಟು, ತೂತು ಇರುವುದು ಎಷ್ಟು, ಎರಡನ್ನೂ ಬೇರೆ ಬೇರೆ ಬರೆಯಿರಿ.

2. ಹುಳುವಿರುವ ಒಂದು ಹಣ್ಣನ್ನು ಗಾಜಿನ ಬಾಟಲಿಯಲ್ಲಿ ಎರಡು ಇಂಚು ಒದ್ದೆ ಮಣ್ಣು ಹಾಕಿ ಅದರ ಮೇಲಿಡಿ. ಬಾಯಿಗೆ ತೆಳು ಬಟ್ಟೆ ಕಟ್ಟಿ. ದಿನವೂ ನೋಡಿ. ಹುಳು ಯಾವ ದಿನ ಮಣ್ಣಿಗೆ ಇಳಿಯಿತು, ಯಾವ ದಿನ ನೊಣ ಬಂತು ಎಂದು ದಿನಾಂಕ ಹಾಕಿ. ನೊಣವನ್ನು ಮಾತ್ರ ಹೊರಗೆ ಬಿಡಬೇಡಿ!

3. ದಾಸವಾಳ, ಪಪ್ಪಾಯ, ಹಿಪ್ಪುನೇರಳೆಯಲ್ಲಿ ಬಿಳಿ ಹಿಟ್ಟು ಕಂಡರೆ ಕಡ್ಡಿಯಿಂದ ಮೆಲ್ಲಗೆ ಮುಟ್ಟಿ. ಸುಮ್ಮನೆ ಕೂತರೆ ತಿಗಣೆ ಇರಬೇಕು, ಸರಸರ ನಡೆದರೆ ಮಿತ್ರ ಇರಬೇಕು.

4. ಅಂಗಡಿಯಿಂದ ತಂದ ಹಣ್ಣನ್ನು ಚೆನ್ನಾಗಿ ತೊಳೆದು ತಿನ್ನಿ. ಬೇರೆಯವರ ತೋಟದ ಹಣ್ಣನ್ನು, ಏನಾದರೂ ಹೊಡೆದಿದ್ದಾರೆಯೇ ಎಂದು ಕೇಳದೆ ಬಾಯಿಗೆ ಹಾಕಬೇಡಿ.

ದಾವಣಗೆರೆ ಸುತ್ತಿನವರಿಗೆ ಹೆಚ್ಚಿನ ಸಲಹೆ ಬೇಕಿದ್ದರೆ ನಗರದ ತರಳಬಾಳು ಕೃಷಿ ವಿಜ್ಞಾನ ಕೇಂದ್ರವಿದೆ. ಹೋಗುವಾಗ ಪೀಡೆ ಹತ್ತಿದ ಎಲೆಯನ್ನೋ ಹಣ್ಣನ್ನೋ ಕವರಿನಲ್ಲಿ ಕಟ್ಟಿಕೊಂಡು ಹೋಗಿ. ‘ಬೆಳ್ಳಗೆ ಏನೋ ಆಗಿದೆ’ ಎಂದು ಬಾಯಲ್ಲಿ ಹೇಳಿದರೆ ಯಾರಿಗೂ ತಿಳಿಯದು. ಕಣ್ಣಿಗೆ ಕಂಡರೆ ಹುಳುವಿನ ಹೆಸರು, ವಿಳಾಸ ಎರಡನ್ನೂ ಅವರು ಹೇಳುತ್ತಾರೆ. ಅರ್ಧ ಕೆಲಸ ಅಲ್ಲಿಗೇ ಮುಗಿದಂತೆ.